ಅಮಾವಾಸ್ಯೆ ದಿನದ ಹಳದಿ ನೀರು

“ಇದು ಬರೇ ನೀರಂತ ಒಂದ ಚೀಟಿ ಬರದ ಕೊಟ್ಟುಬಿಡು,” ಎಂದು ಫೌಜದಾರ ಅಮೋಘಸಿದ್ದಪ್ಪ ಬಾಟಲಿಯನ್ನು ಕಲ್ಲಿನ ಕಟ್ಟೆಯ ಮೇಲೆ ಕುಕ್ಕಿದ. “ಕಾಗದಪತ್ರ ಪೂರಾ ಆಗಬೇಕು. ನಾಳೆ ಮುಂಜಾನೆ ಮೊದಲನೇ ಬಸ್ಸಿಗೆ ನಿಮ್ಮ ಕಾಕಾನ್ನ ಬೆಳಗಾವಿ ಜೈಲಿಗೆ ಸಾಗಸೂದೈತಿ.”

ಸುಂದರವ್ವ ಬಾಟಲಿಯನ್ನು ಮುಟ್ಟಲಿಲ್ಲ, ನೋಡಿದಳು. ಗಾಜಿನ ಬಿರಟೆ. ಕೊರಳಿಗೆ ಕಟ್ಟಿದ ಚೀಟಿ. ಚೀಟಿಯ ಮೇಲೆ ಸತ್ತವನ ಕೈಬರಹ: ‘ನಿಜಗುಣಪ್ಪ ಬಣ್ಣದ ಕಾರಖಾನೆ, ಹೊರಗೆ ಬಿಡುವ ನೀರು, ೩೦-೧೧-೭೮.’ ಒಳಗಿನ ನೀರಿಗೆ ಒಣಹುಲ್ಲಿನಷ್ಟು ಹಳದಿ ಇತ್ತು.

“ಇದು ಎಲ್ಲಿ ಸಿಕ್ತ್ರಿ ಸಾಹೇಬ್ರ?”

“ಹೊಂಡದ ದಂಡಿ ಮ್ಯಾಲ ಅವನ ಚೀಲ ಬಿದ್ದಿತ್ತು, ಚೀಲದಾಗಿತ್ತು. ಯಾಕ, ನೀ ಏನ ಪತ್ತೇದಾರಕಿ ಮಾಡಾಕ ಹೊಂಟೀಯೇನು?”

ತನ್ನ ಮಾತಿಗೆ ತಾನೇ ನಕ್ಕ. ಅವನು ನಕ್ಕಾಗ ಜೊತೆಗೆ ನಗುವುದಕ್ಕೆಂದೇ ಸರ್ಕಾರ ಒಬ್ಬ ಪೊಲೀಸಪ್ಪನನ್ನು ಕೊಟ್ಟಿತ್ತು. ಅವನೂ ನಕ್ಕ.

ಬಣ್ಣದ ಕಾರಖಾನೆಯ ಸುಣ್ಣದ ಹೊಂಡದಲ್ಲಿ ಸರ್ಕಾರದ ಪರವಾಗಿ ನೀರಿನ ಮಾದರಿ ಒಯ್ಯುವ ಸ್ಯಾಂಪಲ್ ಸಾಹೇಬ ಮಲಕಾಜಪ್ಪನ ಹೆಣ ತೇಲಿ ನಾಲ್ಕು ದಿನವಾಗಿತ್ತು. ಆ ಹೊಂಡಕ್ಕೆ ಸುಣ್ಣ ಕಲಿಸುವ ಪರಪ್ಪನನ್ನು ಹಿಡಿದು ಒಳಗೆ ಹಾಕಿ ಮೂರು ದಿನ. ಈ ಮೂರು ದಿನದಲ್ಲಿ ಫೌಜದಾರ ತಲೆಗೆ ಕೊಟ್ಟ ಕೆಲಸವೆಂದರೆ ಎಣ್ಣೆ ಹಚ್ಚಿ ಬಾಚಿದ್ದು. ಗುರುವಾರ ಅಮಾವಾಸ್ಯೆ, ಕಾರಖಾನೆಗೆ ರಜೆ. ಸಾವುಕಾರ ನಿಜಗುಣಪ್ಪ ಮನೆಮಂದಿಯೊಂದಿಗೆ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿದ್ದ. ಕಂಡವರು ನೂರು ಜನ. ಕಾರಖಾನೆಯ ಅಂಗಳದಲ್ಲಿ ಇದ್ದವನು ಪರಪ್ಪ ಒಬ್ಬನೇ. ಶುಕ್ರವಾರ ಬೆಳಿಗ್ಗೆ ಹೆಣ. ಸುಣ್ಣ ಮೈಯನ್ನು ಎಷ್ಟು ತಿಂದಿತ್ತೆಂದರೆ ಸತ್ತದ್ದು ಯಾವಾಗ ಎಂದು ಹೇಳಲಾರೆ ಎಂದು ಡಾಕ್ಟರರು ಕೈಚೆಲ್ಲಿದ್ದರು. ಫೌಜದಾರನಿಗೆ ಅಷ್ಟು ಸಾಕಾಗಿತ್ತು.

ಸುಂದರವ್ವನಿಗೆ ಸಾಕಾಗಿರಲಿಲ್ಲ. ತಂದೆ ಸತ್ತ ಮೇಲೆ ಅವಳನ್ನು ಬೆಳೆಸಿದವರು ಈ ಪರಪ್ಪ ಮತ್ತು ಅವನ ಹೆಂಡತಿ ಕೆಂಪವ್ವ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಅವಳಿಗೆ ನೂಲಕೊಪ್ಪ ಪುರಸಭೆಯ ಪಂಪ್‌ಹೌಸಿನ ಹಿಂದಿನ ಈ ತಗಡಿನ ಕೋಣೆಯಲ್ಲಿ ಬಾಟಲಿ ತೊಳೆಯುವ ಕೆಲಸ ಕೊಡಿಸಲು ಪರಪ್ಪ ಎಷ್ಟು ಮೆಟ್ಟಿಲು ಹತ್ತಿ ಇಳಿದಿದ್ದನೋ ಅವನಿಗೇ ಗೊತ್ತು. ಕೋಣೆಯ ಬಾಗಿಲ ಮೇಲೆ ‘ನೀರಿನ ಪರೀಕ್ಷಾಲಯ’ ಎಂದು ಬರೆದಿತ್ತು. ಆಲಯ ಎನ್ನುವಂಥದ್ದು ಅಲ್ಲಿ ಏನೂ ಇರಲಿಲ್ಲ.

“ಚೀಟಿ ಬರಿಯಾಕ ನಂಗ ಅಧಿಕಾರ ಇಲ್ರಿ,” ಎಂದಳು. “ಆದ್ರ ಹನಿ ಹಾಕಿ ತೋರಸತೇನಿ. ನೋಡ್ಕೊಂಡ ನೀವಽ ಬರಕೋರಿ.”

“ಹನಿ ಹಾಕಾಕ ನಿಂಗೇನ ಬರತೈತಿ?”

“ಮಲಕಾಜಪ್ಪ ಸಾಹೇಬ್ರು ಕಲಿಸ್ಯಾರಿ. ತಾವು ಫ್ಯಾನಿನ ಬುಡಕ ಕುಂತು ಕಲಿಸಿದ್ರು.”

ಇದು ಸುಳ್ಳಾಗಿರಲಿಲ್ಲ. ತಿಂಗಳಿಗೊಮ್ಮೆ ಬೆಳಗಾವಿಯಿಂದ ಬರುವ ಮಲಕಾಜಪ್ಪ ಸಾವುಕಾರನ ಮನೆಯಲ್ಲಿ ಮಜ್ಜಿಗೆ ಕುಡಿದು, ಒಂದು ಬಾಟಲಿ ತುಂಬಿಕೊಂಡು ಇಲ್ಲಿಗೆ ಬರುತ್ತಿದ್ದ. ಖುರ್ಚಿ ಎಳೆದು ಕೂತು, “ನೀನಽ ಹಾಕವಾ, ನನ್ನ ಸೊಂಟ ನೋಯಾಕತ್ತೈತಿ” ಎನ್ನುತ್ತಿದ್ದ. ಅವಳು ಹನಿ ಹಾಕುವಳು, ಅವನು ರಜಿಸ್ಟರಿನಲ್ಲಿ ‘ದೋಷವಿಲ್ಲ’ ಎಂದು ಬರೆದು ಸಹಿ ಮಾಡುವನು. ಸತ್ತವನ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂದು ಹಿರಿಯರು ಹೇಳಿಕೊಟ್ಟಿದ್ದರಿಂದ ಸುಂದರವ್ವ ಈ ನಾಲ್ಕು ದಿನ ಅವನ ಬಗ್ಗೆ ಏನನ್ನೂ ಆಡಿರಲಿಲ್ಲ.

ಬಿರಟೆ ತೆಗೆದು ಬಾಟಲಿಯ ನೀರನ್ನು ಒಂದು ನಳಿಕೆಗೆ ಎರಡು ಬೆರಳಿನಷ್ಟು ಸುರಿದಳು. ಆಮ್ಲದ ಎರಡು ಹನಿ. ಆಮೇಲೆ ಕಂದು ಸೀಸೆಯಿಂದ ನಾಲ್ಕು ಹನಿ. ಹನಿ ಬಿದ್ದ ಜಾಗದಿಂದ ಬಣ್ಣ ಇಳಿಯತೊಡಗಿತು. ಕಣ್ಣು ಮಿಟುಕಿಸುವುದರಲ್ಲಿ ನಳಿಕೆ ಪೂರ್ತಿ ನೇರಳೆಹಣ್ಣು ಹಿಚುಕಿದ ಹಾಗಾಯಿತು.

ಕಳೆದ ಆರು ಬಾಟಲಿಗಳಲ್ಲಿ ಒಂದೂ ಹೀಗೆ ಆಗಿರಲಿಲ್ಲ.

“ಮಸಿ ಹಾಕಿದೇನು?” ಎಂದ ಫೌಜದಾರ.

“ಇಲ್ರಿ. ಇದು ಕ್ರೋಮ. ಕರಿ ನೂಲಿನ ಬಣ್ಣ ಗಟ್ಟ್ಯಾಗಿ ಕುಂದರಲಿ ಅಂತ ಭಟ್ಟಿಗೆ ಕಿತ್ತಳಿ ಬಣ್ಣದ ಹರಳ ಹಾಕತಾರಲ್ರಿ, ಅದರದು. ಕೈಗೆ ಹತ್ತಿದ್ರ ಬಟ್ಟು ತೂತ ಬೀಳತಾವು. ಹೊಟ್ಟಿಗೆ ಹೋದ್ರ ಏನ ಆಗತೈತಿ ಅಂತ ಹಳ್ಳದ ಕೆಳಗಿನ ಓಣಿಯವರನ್ನ ಕೇಳ್ರಿ.”

“ಕಾರಖಾನಿ ನೀರಾಗ ಬಣ್ಣ ಇರೂದಽ. ಅದರಾಗೇನ ವಿಶೇಷ?”

ಸುಂದರವ್ವ ಆಗಲೇ ರಜಿಸ್ಟರು ತೆಗೆದಿದ್ದಳು. ಜೂನ್ ಐದು, ದೋಷವಿಲ್ಲ. ಜುಲೈ ಐದು, ದೋಷವಿಲ್ಲ. ಆಗಸ್ಟ್ ನಾಲ್ಕು. ಸೆಪ್ಟೆಂಬರ್ ಎರಡು. ಅಕ್ಟೋಬರ್ ಎರಡು.

ಬೆರಳು ಅಲ್ಲಿ ನಿಂತಿತು. ಅಕ್ಟೋಬರ್ ಎರಡು ಗಾಂಧಿ ಜಯಂತಿ. ಕೆಲಸದ ದಿನವೇ ಕೆಲಸ ಮಾಡದ ಮನುಷ್ಯ ರಜೆಯ ದಿನ ಬೆಳಗಾವಿಯಿಂದ ಬಸ್ಸು ಹತ್ತಿ ಯಾಕೆ ಬಂದ? ಅವತ್ತು ಅವಳನ್ನು ಮನೆಯಿಂದ ಕರೆಸಿ ಬೀಗ ತೆಗೆಸಿದ್ದ. ಅವಳು ಬೈದುಕೊಂಡು ಬಂದಿದ್ದಳು. ಮುಂದಿನದು ಅಕ್ಟೋಬರ್ ಮೂವತ್ತೊಂದು. ಅದು ದೀಪಾವಳಿಯ ಅಮಾವಾಸ್ಯೆ.

ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಒಂದೊಂದಾಗಿ ಹಿಂದಕ್ಕೆ ಮಗುಚಿದಳು. ಅಕ್ಟೋಬರ್ ಎರಡರ ಮೂಲೆಯಲ್ಲಿ ಕರಿ ಚುಕ್ಕೆ. ಸೆಪ್ಟೆಂಬರ್ ಎರಡರಲ್ಲಿ ಕರಿ ಚುಕ್ಕೆ. ಆಗಸ್ಟ್, ಜುಲೈ, ಜೂನ್. ಆರಕ್ಕೆ ಆರೂ ಅಮಾವಾಸ್ಯೆ.

ಅವಳಿಗೆ ಮೊದಲು ಬಂದದ್ದು ತನ್ನ ಮೇಲೇ ಸಿಟ್ಟು. ಅಮಾವಾಸ್ಯೆಯ ದಿನ ಈ ಊರಿನ ಯಾವ ಮಗ್ಗವೂ ಆಡುವುದಿಲ್ಲ, ಯಾವ ಭಟ್ಟಿಗೂ ಬೆಂಕಿ ಬೀಳುವುದಿಲ್ಲ. ಅಂಗಳ ತೊಳೆದ ಬಾವಿಯ ನೀರೊಂದೇ ಅವತ್ತು ಕಾರಖಾನೆಯಿಂದ ಹೊರಗೆ ಬರುವುದು. ಬಾವಿಯ ನೀರಿಗೆ ಆರು ತಿಂಗಳು ಹನಿ ಹಾಕಿ, ದೋಷವಿಲ್ಲ ಎಂದು ಸರ್ಕಾರಕ್ಕೆ ಕಳಿಸಿದ್ದಾರೆ. ಹನಿ ಹಾಕಿದ ಕೈ ಇದೇ. ಇಂಗ್ಲಿಷ್ ತಾರೀಖು ಬರೆದರೆ ಬೆಂಗಳೂರಿನಲ್ಲಿ ಕೂತವರಿಗೆ ಅಮಾವಾಸ್ಯೆ ಕಾಣುವುದಿಲ್ಲ, ಸರಿ. ತನಗೂ ಕಾಣಲಿಲ್ಲವಲ್ಲ!

ಕೊನೆಗೆ ನವೆಂಬರಿನ ಹಾಳೆ. ಮೂವತ್ತು, ಗುರುವಾರ. ಕರಿ ಚುಕ್ಕೆ.

“ಸಾಹೇಬ್ರ, ಅಮಾಸಿ ದಿನ ತುಂಬಿದ ಬಾಟ್ಲಿ ಹಳದಿ ಹೆಂಗಾತ್ರಿ?”

ಫೌಜದಾರ ಬಾಟಲಿಯನ್ನು ಬೆಳಕಿಗೆ ಎತ್ತಿ ಹಿಡಿದ. ಅವನೂ ಬಿಜಾಪುರದ ಕಡೆಯವನು, ಅಮಾವಾಸ್ಯೆ ಎಂದರೇನೆಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ.

“ಭಟ್ಟಿ ಉರದಾಗ ತುಂಬಿದ ನೀರಿದು,” ಎಂದಳು. “ಅಂದ್ರ ಬುಧವಾರ. ಚೀಟಿ ಊರಿಂದಽ ಬರಕೊಂಡ ಬರೂದು ಇವರ ರೂಢಿ. ನಾ ಎಷ್ಟೋ ಸಲ ನೋಡೇನಿ. ತಾರೀಖು ಗುರುವಾರದ್ದು, ನೀರು ಬುಧವಾರದ್ದು. ಒಂದ ದಿನ ಮೊದಲಽ ಬಂದಾರ, ಹೇಳದಽ ಕೇಳದಽ.”

ಫೌಜದಾರ ಮೀಸೆಯ ತುದಿ ಕಚ್ಚಿದ. “ಬುಧವಾರ ಮುಂಜಾನೇನಽ ಮನಿ ಬಿಟ್ಟಾನಂತ ಅವನ ಹೇಣ್ತಿ ಬರಸ್ಯಾಳ,” ಎಂದ, ಹೇಳಬಾರದ್ದನ್ನು ಹೇಳಿದವನಂತೆ.

“ಬುಧವಾರ ನಮ್ಮ ಕಾಕಾ ಒಬ್ಬನಽ ಇರಲಿಲ್ರಿ ಅಲ್ಲೆ. ನಲವತ್ತ ಮಂದಿ ಇದ್ರು. ಸಾವ್ಕಾರ್ರೂ ಇದ್ರು.”

*

ನಿಜಗುಣಪ್ಪನ ಕಾರಖಾನೆಗೆ ಯಾರೇ ಬಂದರೂ ಅವನು ಮೊದಲು ತೋರಿಸುವುದು ನಾಲ್ಕು ತೊಟ್ಟಿ. ಅದಕ್ಕೆ ‘ಶುದ್ಧೀಕರಣ ಘಟಕ’ ಎಂದು ಅಮೃತಶಿಲೆಯ ಹಲಗೆ, ಸುತ್ತ ಚೆಂಡುಹೂವಿನ ಸಾಲು. ಕೊನೆಯ ತೊಟ್ಟಿಯಲ್ಲಿ ಕೆಂಪು ಮೀನು. ಸಾವುಕಾರ ಬಿಳಿ ಧೋತರದ ಚುಂಗು ಹಿಡಿದು ದಂಡೆಯ ಮೇಲೆ ನಿಂತು ಮೀನಿಗೆ ಚುರುಮುರಿ ಎಸೆಯುತ್ತಿದ್ದ. ಹಣೆಯ ವಿಭೂತಿಯಷ್ಟೇ ತಣ್ಣಗಿನ ದನಿ.

“ನೋಡ್ರಿ ಫೌಜದಾರ ಸಾಹೇಬ್ರ. ಬಣ್ಣದ ನೀರು ಒಂದನೇ ತೊಟ್ಟಿಗೆ ಬಂದು, ಎರಡು ಮೂರು ದಾಟಿ ಇಲ್ಲಿಗೆ ಬರೂದ್ರಾಗ ಮೀನ ಆಡುವಂಗ ಆಗತೈತಿ. ಇದಕ್ಕಿಂತ ಸರ್ಟಿಫಿಕೇಟ್ ಇನ್ನೇನ ಬೇಕು?”

“ಮೂರನೇ ತೊಟ್ಯಾಗ ಹಲ್ಲಿ ಮಲಗೇತ್ರಿ ಸಾವ್ಕಾರ್ರ,” ಎಂದಳು ಸುಂದರವ್ವ. “ಒಣಾ ಸಿಮೆಂಟಿನ ಮ್ಯಾಲ. ನೀರು ಅದನ್ನ ದಾಟಿ ನಾಕನೇದಕ್ಕ ಹೆಂಗ ಬಂತ್ರಿ?”

ಸಾವುಕಾರ ಅವಳ ಕಡೆ ತಿರುಗಲಿಲ್ಲ. ಅವಳು ಮಾತಾಡಿದ್ದು ಗಾಳಿ ಬೀಸಿದಂತೆ ಅವನ ಕಿವಿಯ ಪಕ್ಕ ಹಾದುಹೋಯಿತು. ಬಾವಿಯ ಕೊಳವೆಯೊಂದು ಹೂವಿನ ಗಿಡಗಳ ನಡುವೆ ತಲೆಮರೆಸಿಕೊಂಡು ಮೀನಿನ ತೊಟ್ಟಿಗೆ ಇಳಿದಿತ್ತು. ಮೊದಲ ತೊಟ್ಟಿಯ ಪಕ್ಕ ಅನ್ನಭೇದಿಯ ಚೀಲ ಮಳೆಗೆ ನೆಂದು ತುಕ್ಕು ಬಣ್ಣದ ಬಂಡೆಯಾಗಿತ್ತು. ಹಳದಿ ನೀರಿನ ವಿಷ ಮುರಿಯುವುದು ಆ ಅನ್ನಭೇದಿ. ಅದಾದ ಮೇಲೆ ಸುಣ್ಣ ಹಾಕಿದರೆ ಮಾತ್ರ ಕ್ರೋಮ ತಳಕ್ಕೆ ಕೂರುತ್ತದೆ. ಆದರೆ ಅನ್ನಭೇದಿ ಹಾಕಿದ ನೀರು ಕೊಳೆತ ಗೋಮಯದ ಬಣ್ಣಕ್ಕೆ ತಿರುಗುತ್ತದೆ, ನೋಡಲು ಅಸಹ್ಯ. ಬಂದ ದೊಡ್ಡವರೊಬ್ಬರು ಮೂಗು ಮುಚ್ಚಿಕೊಂಡರೆಂದು ಸಾವುಕಾರ ಅದನ್ನು ನಿಲ್ಲಿಸಿ, ಬಣ್ಣದ ನೀರನ್ನು ಹಿಂದಿನ ಹೊಂಡಕ್ಕೆ ತಿರುಗಿಸಿ ಅದಕ್ಕೆ ಬರೇ ಸುಣ್ಣ ಕಲಿಸಲು ಹಚ್ಚಿದ. ಸುಣ್ಣ ಬೆಳ್ಳಗೆ ಕಾಣುತ್ತದೆ. ಬೆಳ್ಳಗೆ ಕಾಣುವುದೇ ಶುದ್ಧ ಎಂದು ತಿಳಿದವರ ಕೈಗೆ ಊರಿನ ಹಳ್ಳ ಸಿಕ್ಕಿತ್ತು.

ಕಚೇರಿಯ ಕೋಣೆಯಲ್ಲಿ ಫೌಜದಾರನಿಗೆ ಹಿತ್ತಾಳೆಯ ತಂಬಿಗೆಯಲ್ಲಿ ಮಜ್ಜಿಗೆ ಬಂತು. ಸುಂದರವ್ವನಿಗೆ ಕುಂದರ್ರಿ ಎಂದವರಿಲ್ಲ. ಅವಳು ಹೊಸ್ತಿಲ ಈಚೆಗೆ ನಿಂತಳು, ಅಲ್ಲಿಂದ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು.

“ಈಕಿನ್ನ ಯಾಕ ಕರಕೊಂಡ ಬಂದ್ರಿ?” ಎಂದ ಸಾವುಕಾರ.

“ಒಂದ ಮಾತ ಕೇಳಬೇಕಂತ,” ಎಂದ ಫೌಜದಾರ, ಮೀಸೆಯ ಮಜ್ಜಿಗೆ ಒರೆಸಿಕೊಳ್ಳುತ್ತ. “ಕೇಳಿ ಹೋಗ್ಲಿ ಬಿಡ್ರಿ, ಹೆಣ್ಣಮಗಳು.”

ಸುಂದರವ್ವ ಸೆರಗನ್ನು ಸರಿಮಾಡಿಕೊಂಡಳು. “ಮೊನ್ನೆ ಅಮಾಸಿ ದಿನ ಭಟ್ಟಿ ಹಚ್ಚಿದ್ರೇನ್ರಿ ಸಾವ್ಕಾರ್ರ?”

ಈ ಸಲ ಅವನು ತಿರುಗಿದ. ತಣ್ಣಗಿನ ದನಿ ಹಾರಿಹೋಯಿತು.

“ಏನಂದಿ? ಅಮಾಸಿಗೆ ಭಟ್ಟಿ? ಈ ಅಂಗಳದಾಗ ನಮ್ಮ ಮುತ್ಯಾನ ಕಾಲದಿಂದ ಅಮಾಸಿ ದಿನ ಒಂದ ಕಡ್ಡಿ ಗೀರಿಲ್ಲ! ಮಗ್ಗದವರ ಓಣ್ಯಾಗ ಯಾರನ್ನರ ಕೇಳ್ರಿ ಸಾಹೇಬ್ರ. ಬರಗಾಲ ಬಂದಾಗ ಹಚ್ಚಿಲ್ಲ, ಮನ್ಯಾಗ ಮದವಿ ಇದ್ದಾಗ ಹಚ್ಚಿಲ್ಲ. ಇಂಥಾಕಿಗೆ ಅದೆಲ್ಲಾ ಏನ ಗೊತ್ತು?”

“ಮಂದಿ ಹಂಗಽ ಅಂತಾರ್ರಿ. ಆದ್ರ ಅರ್ಜೆಂಟ ಮಾಲು ಇದ್ರ ಒಂದ ಸಣ್ಣ ಭಟ್ಟಿ…”

“ಇಲ್ಲಾ ಅಂದ್ನೆಲ್ಲ! ಒಂದ ಬೊಗಸಿ ಬಣ್ಣದ ನೀರು ಅವತ್ತ ಭಟ್ಟಿಯಿಂದ ಇಳದಿದ್ರ ನಾ ನಿಜಗುಣಪ್ಪನಽ ಅಲ್ಲ. ಎಲ್ಲಮ್ಮನ ಗುಡ್ಡದಾಗ ನಿಂತು ಬಂದವ ನಾ. ದೇವರ ಮ್ಯಾಲ ಆಣಿ ಮಾಡಿ ಹೇಳತೇನಿ, ಸಾಕೇನು?”

“ಸಾಕ್ರಿ,” ಎಂದಳು ಸುಂದರವ್ವ.

ಚೀಲದಿಂದ ಎರಡು ನಳಿಕೆ ತೆಗೆದು ಹೊಸ್ತಿಲ ಮೇಲೇ ಇಟ್ಟಳು. ಒಂದಕ್ಕೆ ಮೀನಿನ ತೊಟ್ಟಿಯಿಂದ ತುಂಬಿ ತಂದ ನೀರು, ಇನ್ನೊಂದಕ್ಕೆ ಮಲಕಾಜಪ್ಪನ ಬಾಟಲಿಯದು. ಹನಿ ಹಾಕಿದಳು. ಒಂದು ಹಾಗೇ ಉಳಿಯಿತು. ಇನ್ನೊಂದು ನೇರಳೆಯಾಗಿ ಕಪ್ಪಿಟ್ಟಿತು.

ಬಾಟಲಿಯ ಚೀಟಿಯನ್ನು ಫೌಜದಾರ ತಾನೇ ಓದಿ ಹೇಳಿದ. ಓದುವಾಗ ಅವನ ದನಿ ಮೆಲ್ಲಗೆ ಬದಲಾಗುತ್ತ ಹೋಯಿತು. ಅಮಾವಾಸ್ಯೆಯ ದಿನ ಭಟ್ಟಿ ಉರಿದಿದ್ದರೆ ಸಾವುಕಾರ ಊರ ಮುಂದೆ ಸುಳ್ಳು ಆಣೆಯವನಾಗುತ್ತಾನೆ. ಉರಿದಿಲ್ಲವಾದರೆ ನೀರು ಬುಧವಾರದ್ದು, ಮಲಕಾಜಪ್ಪ ಬಂದದ್ದು ಬುಧವಾರ. ಬುಧವಾರ ಸಾವುಕಾರ ಯಾವ ಗುಡ್ಡದಲ್ಲೂ ಇರಲಿಲ್ಲ, ಇದೇ ಖುರ್ಚಿಯಲ್ಲಿದ್ದ.

ನಿಜಗುಣಪ್ಪ ನಳಿಕೆಯನ್ನು ನೋಡಿದ. ಅವನ ಕಣ್ಣಲ್ಲಿ ಕಂಡದ್ದು ಹೆದರಿಕೆಯಲ್ಲ. ತನ್ನ ಹೊಸ್ತಿಲ ಮೇಲೆ ಯಾರೋ ಕಸ ಹಾಕಿದ ಹೇಸಿಗೆ.

“ಬುಧವಾರ ಆ ಮನಿಶ್ಯಾ ಇಲ್ಲಿಗೆ ಬಂದಽ ಇಲ್ಲ.”

“ನಿಮ್ಮ ಆಳುಗಳನ್ನ ಕೇಳಿ ನೋಡೋಣ,” ಎಂದ 'ಹೆಣ್ಣಮಗಳ' ಪರವಾಗಿ ಮಾತಾಡಿ ಅಭ್ಯಾಸವಿಲ್ಲದ ಫೌಜದಾರ.

“ಏನಪಾ ಅಮೋಘಸಿದ್ದಾ,” ಎಂದ ಸಾವುಕಾರ. ‘ರಿ’ ಹೋಗಿತ್ತು, ಸಾಹೇಬನೂ ಹೋಗಿದ್ದ. “ಮೂರ ದೀಪಾವಳಿ ನಮ್ಮ ಮನ್ಯಾಗ ಎಲಿ ಹಾಸಿ ಉಂಡಿ. ಇವತ್ತು ಬಾಟ್ಲಿ ತೊಳಿಯಾಕಿ ಹಿಂದಿಂದ ಬಂದು ನನ್ನ ಆಳುಗಳನ್ನ ಕೇಳತೀಯೇನು? ಆ ಮಜ್ಜಿಗಿ ಕೆಳಗಿಡು.”

ಬಾಗಿಲಲ್ಲಿದ್ದ ಪೊಲೀಸಪ್ಪ ಈ ಸಲ ನಗಲಿಲ್ಲ. ಫೌಜದಾರ ತಂಬಿಗೆಯನ್ನು ಕೆಳಗಿಟ್ಟ. ಕಿವಿಯವರೆಗೆ ಕೆಂಪಾಗಿದ್ದ.

“ನಾಳೆ ಮುಂಜಾನೆ ಠಾಣೆಗೆ ಬರ್ರಿ ಸಾವ್ಕಾರ್ರ,” ಎಂದ. “ಮೊದಲನೇ ಬಸ್ಸಿನಾಗ ಒಂದ ಜಾಗಾ ಖಾಲಿ ಆಗಬಹುದು.”

*

ಹೊತ್ತು ಇಳಿಯುತ್ತಿತ್ತು. ದಾರಿಯುದ್ದಕ್ಕೂ ಫೌಜದಾರ ದೊಡ್ಡ ಹೆಜ್ಜೆ ಹಾಕಿದ, ಸುಂದರವ್ವ ಓಡಿದಳು.

“ಬಾಟ್ಲಿ ಒಂದ ಸಾಲೂದಿಲ್ಲ,” ಎಂದ. “ಬುಧವಾರ ಸಾಹೇಬನ್ನ ಅಲ್ಲೆ ಕಂಡೆ ಅಂತ ಒಬ್ಬ ಹೇಳಬೇಕು. ಸಾವ್ಕಾರನ ಅನ್ನಾ ಉಣ್ಣಾಕತ್ತವರು ಹೇಳೂದಿಲ್ಲ. ನಿಮ್ಮ ಕಾಕಾ ಹೇಳ್ಲಿ. ಒಂದ ಮಾತು ಸಾಕು. ನಾಳೆ ಅಂವ ಮನ್ಯಾಗ, ಆ ಮಗ ಒಳಗ.”

ಮೂರು ದಿನದಿಂದ ಈ ಮನುಷ್ಯ ಪರಪ್ಪನ ಮಾತನ್ನು ನೊಣ ಓಡಿಸಿದ ಹಾಗೆ ಓಡಿಸಿದ್ದ. ಈಗ ಅದೇ ಮಾತು ಬೇಕಾಗಿತ್ತು. ನ್ಯಾಯಕ್ಕೆ ಬೇಕಾದದ್ದಲ್ಲ, ಒಂದು ತಂಬಿಗೆ ಮಜ್ಜಿಗೆಯ ಅವಮಾನಕ್ಕೆ. ಇರಲಿ ಎಂದುಕೊಂಡಳು ಸುಂದರವ್ವ. ಬಾಗಿಲು ಯಾಕೆ ತೆರೆಯಿತೆಂದು ಕೇಳುತ್ತ ನಿಲ್ಲುವ ಹೊತ್ತಲ್ಲ ಇದು.

ಠಾಣೆಯ ಮೆಟ್ಟಿಲ ಮೇಲೆ ಕೆಂಪವ್ವ ಕೂತಿದ್ದಳು. ಮೂರು ದಿನದಿಂದ ಅಲ್ಲೇ ಇದ್ದಳು, ಮಡಿಲಲ್ಲಿ ರೊಟ್ಟಿಯ ಗಂಟು. ಸುಂದರವ್ವ ಅವಳ ಹೆಗಲು ಮುಟ್ಟಿ, “ಚಿಗವ್ವಾ, ನಾಳೆ ಕಾಕಾ ಮನಿಗೆ ಬರತಾನ” ಎಂದಳು. ಕೆಂಪವ್ವ ಅವಳ ಮುಖ ನೋಡಿ, ರೊಟ್ಟಿಯ ಗಂಟನ್ನು ಇನ್ನಷ್ಟು ಬಿಗಿದಳು.

ಪರಪ್ಪ ಸರಳುಗಳ ಹಿಂದೆ ಗೋಡೆಗೆ ಒರಗಿದ್ದ. ಮೊಣಕಾಲ ಮೇಲಿಟ್ಟ ಕೈಯ ಬೆರಳುಗಳಲ್ಲಿ ಜೋಳದ ಕಾಳು ಕೂರುವಷ್ಟು ದುಂಡಗಿನ ಹುಣ್ಣುಗಳು. ಹತ್ತು ವರ್ಷದ ಬಣ್ಣದ ನೀರು ಕೊರೆದದ್ದು.

ಸುಂದರವ್ವ ನೆಲಕ್ಕೆ ಕೂತು ಎಲ್ಲವನ್ನೂ ಹೇಳಿದಳು. ಅಮಾವಾಸ್ಯೆಯ ಚುಕ್ಕೆಗಳು, ನೇರಳೆ ನಳಿಕೆ, ಸಾವುಕಾರನ ಆಣೆ. ಫೌಜದಾರ ಪಕ್ಕದ ಮೇಜಿನ ಬಳಿ ಪೆನ್ನು ಬಿಚ್ಚಿ ಕೂತ.

“ಸಾಹೇಬ ಬಂದಿದ್ದು ಬುಧವಾರ. ಹೌದಲ್ಲ ಕಾಕಾ? ಅಷ್ಟಽ ಹೇಳು.”

ಪರಪ್ಪ ತಲೆ ಎತ್ತಿದ. “ಆ ಬಾಟ್ಲಿ ನೀರಿಗೆ ಹನಿ ಹಾಕಿದೇನು ಮಗಳ?”

“ಹಾಕಿದೆ.”

“ನೇರಳಿ ಆತೇನು?”

“ಆತು. ಕರ್ರಗ ಆತು.”

ಅವನ ಮುಖದಲ್ಲಿ ಏನೋ ಸಡಿಲಾಯಿತು. ಆಮೇಲೆ, “ಬುಧವಾರ ಅಲ್ಲ,” ಎಂದ.

“ಕಾಕಾ…”

“ಅಮಾಸಿ ದಿನಾನಽ ಬಂದ. ಮಧ್ಯಾಹ್ನ. ಬರೂವಾಗಽ ಮೈಯಾಗ ಜೀವ ಇಲ್ಲದಂಗ ಇದ್ದ. ಹಿಂದಿನ ದಿನ ಪೂರಾ ಹಳ್ಳದ ಕೆಳಗಿನ ಓಣ್ಯಾಗ ತಿರಗ್ಯಾಡಿ, ಅಲ್ಲೆ ಯಾರದೋ ಮನ್ಯಾಗ ಮಲಗಿದ್ನಂತ. ‘ಪರಪ್ಪಾ, ಇಷ್ಟ ದಿನ ನಾ ಬಾವಿ ನೀರ ಒಯ್ದೇನಿ, ಇವತ್ತು ಖರೇ ನೀರ ಕೊಡು’ ಅಂದ. ಹೊಂಡದ ತಳದಾಗ ಒಂದ ಕೊಳವಿ ಐತಿ ಮಗಳ, ಹಳ್ಳಕ್ಕ. ಅದಕ್ಕ ಗೂಟಾ ಬಡದೈತಿ. ದಿನಾ ಮುಂಜಾನೆ ಭಟ್ಟಿ ಹಚ್ಚೂಕಿಂತ ಮೊದಲ ನಾ ಆ ಗೂಟಾ ಕೀಳತಿದ್ದೆ, ಸಾವ್ಕಾರ ಹೇಳಿದಂಗ. ಅವತ್ತು ಸಾಹೇಬನ ಮುಂದ ಕಿತ್ತೆ. ಹಳ್ಳಕ್ಕ ಹರದ ನೀರಿಗೆ ಅಂವ ತಾನಽ ಬಗ್ಗಿ ಬಾಟ್ಲಿ ಹಿಡದ. ನಾ ಗೂಟಾ ಮತ್ತ ಬಡದೆ, ಅಂವ ಚೀಟಿ ಅಲ್ಲೇ ಕುಂತು ಬರದ.”

ಹೊಂಡ. ಭಟ್ಟಿ ಆರಿದರೂ ಹೊಂಡದಲ್ಲಿ ಹಿಂದಿನ ದಿನದ ನೀರು ನಿಂತಿರುತ್ತದೆ. ಅಷ್ಟು ಸಣ್ಣ ಮಾತು ಸುಂದರವ್ವನಿಗೆ ಹೊಳೆದಿರಲಿಲ್ಲ. ಮಲಕಾಜಪ್ಪ ಸೋಮಾರಿ ಎಂಬುದು ಅವಳಿಗೆ ಎಷ್ಟು ಗಟ್ಟಿಯಾಗಿ ಗೊತ್ತಿತ್ತೆಂದರೆ, ಅವನು ಬಗ್ಗಿ ಒಂದು ಬಾಟಲಿ ತುಂಬಬಹುದೆಂದು ಅನ್ನಿಸಿಯೇ ಇರಲಿಲ್ಲ.

“ಇದನ್ನ ಮೂರ ದಿನ ಯಾಕ ಹೇಳಲಿಲ್ಲ?” ಎಂದಳು.

ಪರಪ್ಪ ಬಾಗಿಲಾಚೆಯ ಮೆಟ್ಟಿಲ ಕಡೆ ನೋಡಿದ.

“ಈಗ್ಯಾಕ ಹೇಳತಿ? ಬುಧವಾರ ಅಂದಿದ್ರ ಹೊರಗ ಬರತಿದ್ದಿ!”

“ಆ ಮನಿಶ್ಯಾ ಜನ್ಮದಾಗ ಒಂದ ಖರೇ ಕೆಲಸ ಮಾಡ್ಯಾನ ಮಗಳ. ಅದನ್ನೂ ಸುಳ್ಳ ಮಾಡಬ್ಯಾಡ.”

ಮೇಜಿನ ಬಳಿ ಖುರ್ಚಿ ಕಿರುಗುಟ್ಟಿತು. ಫೌಜದಾರ ಎಲ್ಲವನ್ನೂ ಕೇಳಿಸಿಕೊಂಡಿದ್ದ, ಒಂದಕ್ಷರ ಬರೆದಿರಲಿಲ್ಲ. ಪೆನ್ನನ್ನು ಹಾಳೆಯ ಮೇಲೆ ಅಡ್ಡ ಇಟ್ಟು ಸುಂದರವ್ವನನ್ನು ಕರೆದ. ಅವನ ದನಿಯಲ್ಲಿ ಮೊದಲ ಬಾರಿ ಹಾಸ್ಯವಿರಲಿಲ್ಲ.

“ನೋಡವಾ. ನಾ ಇನ್ನೂ ಏನೂ ಬರದಿಲ್ಲ. ಅಂವ ಹೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲಂತ ತಿಳಕೋ. ಬುಧವಾರ ಅಂತ ಬರದು ಅವನ ಹೆಬ್ಬಟ್ಟ ಒತ್ತಸ್ತೇನಿ. ನಾಳೆ ಸಾವ್ಕಾರ ಇಲ್ಲಿ ಕುಂತಿರ್ತಾನ. ನಿಮ್ಮ ಕಾಕಾ ಮನ್ಯಾಗ ಇರ್ತಾನ.”

“ಮತ್ತ ಬಾಟ್ಲಿ?”

“ಬಾಟ್ಲಿ ಏನು? ತಾರೀಖು ಸುಳ್ಳಾದ ಬಾಟ್ಲಿ ನೀರಿನ ಕೇಸಿಗೆ ಯಾವ ಕೋರ್ಟಿನಾಗೂ ನಿಲ್ಲೂದಿಲ್ಲ. ಚೆಲ್ಲೂದು. ನೀರು ಹರೀತೈತಿ, ಹರೀಲಿ. ಇಷ್ಟ ದಿನ ಹರದಿಲ್ಲೇನು?”

“ಅಂವ ಹೇಳಿದಂಗ ಬರದ್ರ?”

“ಬಾಟ್ಲಿ ಖರೇ ಆಗತೈತಿ. ಕಾರಖಾನಿಗೆ ಬೀಗ ಬೀಳತೈತಿ. ಸಾವ್ಕಾರ ಅವತ್ತ ಗುಡ್ಡದಾಗಿದ್ದ, ಖೂನಿ ಅವನ ಮ್ಯಾಲ ಬರೂದಿಲ್ಲ. ಮಲಕಾಜಪ್ಪನ್ನ ಕಡೀಕ ಜೀವಂತ ಕಂಡಾಂವ ನಿಮ್ಮ ಕಾಕಾ. ಅವನ ಬಾಯಿಲೇನಽ ಹೇಳ್ಯಾನ.” ಪೆನ್ನನ್ನು ಅವಳ ಕಡೆಗೆ ಸರಿಸಿದ, ಅವಳೇ ಬರೆಯುವವಳೆಂಬಂತೆ. “ಬುಧವಾರಾನೋ ಗುರುವಾರಾನೋ? ಜಲ್ದಿ ಹೇಳು.”

ಎರಡೂ ಕಡೆಗೂ ಅವನಿಗೆ ಒಂದೇ ಅಸಡ್ಡೆ. ಆರು ತಿಂಗಳು ಅಮಾವಾಸ್ಯೆಯ ನೀರಿಗೆ ಹನಿ ಹಾಕಿದ್ದ ತನ್ನ ಕೈಯನ್ನು ಸುಂದರವ್ವ ನೋಡಿಕೊಂಡಳು. ‘ದೋಷವಿಲ್ಲ’ ಎಂದು ಬರೆದವನಾದರೂ ಕೊನೆಗೆ ಹಳ್ಳಕ್ಕೆ ಬಗ್ಗಿದ. ಸರಳಿನ ಹಿಂದೆ ಕಾಕಾ ಅವಳನ್ನು ನೋಡುತ್ತಿದ್ದ. ಬೇಡುತ್ತಿರಲಿಲ್ಲ. ಹುಡುಗಿಯಾಗಿದ್ದಾಗ ಅವಳು ಪಾಟಿಯ ಮೇಲೆ ಬರೆದದ್ದನ್ನು ಸರಿಯಾಗಿದೆಯೇ ಎಂದು ಓದಲು ಬಾರದ ಕಣ್ಣಿನಿಂದ ನೋಡುತ್ತಿದ್ದನಲ್ಲ, ಹಾಗೆ.

“ಅಂವ ಹೇಳಿದಂಗ ಬರೀರಿ,” ಎಂದಳು. “ಗುರುವಾರ.”

ಫೌಜದಾರ ಭುಜ ಹಾರಿಸಿ ಪೆನ್ನು ಎತ್ತಿಕೊಂಡ. ಬರೆದ, ನಿಧಾನವಾಗಿ ಬರೆದ. ಗುರುವಾರ, ಮಧ್ಯಾಹ್ನ, ಗೂಟ, ಕೊಳವೆ, ಬಾಟಲಿ. ಕೊನೆಗೆ ಒಂದು ಗೆರೆ ಎಳೆದು ಸರಳುಗಳ ಕಡೆ ತಿರುಗಿದ.

“ಆತು. ಬಾಟ್ಲಿ ತುಂಬಿದಾಗ ಹೊಂಡದ ದಂಡಿ ಮ್ಯಾಲ ನೀವಿಬ್ಬರಽ ಇದ್ರಿ. ಹೌದಲ್ಲ?”

ಇಷ್ಟು ಹೊತ್ತು ನೆಟ್ಟಗಿದ್ದ ಪರಪ್ಪನ ಬೆನ್ನು ಕುಸಿಯಿತು. ಮುಖವನ್ನು ಗೋಡೆಗೆ ತಿರುಗಿಸಿದ.

“ನಿನ್ನ ಕೇಳಾಕತ್ತೇನಿ ಪರಪ್ಪಾ. ನೀವಿಬ್ಬರಽ ಇದ್ರೇನು?”

“ಅಂವನ್ನ ಕೇಳಬ್ಯಾಡ್ರಿ. ಅಂವ ಬಾಯಿ ಬಿಡದಽ ಕುಂತದ್ದು ನನ್ನ ಸಲುವಾಗಿ,” ಎಂದಿತು ಹಿಂದಿನಿಂದ ಒಂದು ದನಿ.

ಸುಂದರವ್ವ ತಿರುಗಿದಳು. ಕೆಂಪವ್ವ ಮೆಟ್ಟಿಲು ಬಿಟ್ಟು ಒಳಗೆ ಬಂದು ನಿಂತಿದ್ದಳು. ಮೂರು ದಿನದಲ್ಲಿ ಅವಳ ಬಾಯಿಂದ ಬಂದ ಮೊದಲ ಮಾತು ಅದು.

“ಮೂರು ಮಂದಿ ಇದ್ವಿ.”